ಬರ ತಾಳಿಕೆ: ಎಳೆ ತೆಂಗು ಬೇಸಿಗೆ ದಾಟುವ ಬಗೆ

ತೆಂಗಿನ ಸಸಿ ಕೊಳ್ಳಲು ಹೋದಾಗ ‘ಈ ತಳಿಗೆ ಬರ ತಾಳಿಕೆ ಚೆನ್ನಾಗಿದೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಹಾಗಾದರೆ ನೀರು ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಅಲ್ಲೇ ಎಡವಟ್ಟಾಗುವುದು. ಮಣ್ಣಿನಲ್ಲಿ ನೀರು ಕಡಿಮೆಯಾದಾಗ ಗಿಡ ಜೀವ ಹಿಡಿದುಕೊಂಡಿದ್ದು, ನೀರು ಸಿಕ್ಕ ಮೇಲೆ ಮತ್ತೆ ಚಿಗುರುವ ಶಕ್ತಿಗೆ ಬರ ತಾಳಿಕೆ ಎನ್ನುತ್ತಾರೆ. ತಾಳಿಕೊಂಡಿರುವಷ್ಟು ದಿನವೂ ಗಿಡದ ಬೆಳವಣಿಗೆ ನಿಂತೇ ಇರುತ್ತದೆ, ಅಥವಾ ತೀರಾ ನಿಧಾನವಾಗಿರುತ್ತದೆ.

ದೊಡ್ಡ ಮರಕ್ಕಿಂತ ಎಳೆ ಗಿಡಕ್ಕೆ ಕಷ್ಟ ಜಾಸ್ತಿ. ಮರದ ಕಾಂಡದೊಳಗೆ ಸಾಕಷ್ಟು ನೀರಿರುತ್ತದೆ, ಬೇರು ಸುತ್ತಲೂ ಹರಡಿರುತ್ತದೆ. ಸಸಿಗೆ ಎರಡೂ ಇಲ್ಲ. ಮೊಳಕೆಯೊಡೆದ ಕಾಯಿಯೊಳಗೆ ಮೆತ್ತಗೆ ಸಿಹಿಯಾದ ಬಿಳಿ ಉಂಡೆ ಇರುತ್ತದಲ್ಲ, ಮಕ್ಕಳು ಕಿತ್ತಾಡಿ ತಿನ್ನುವಂಥದ್ದು, ಅದು ಕೊಬ್ಬರಿಯನ್ನು ಕರಗಿಸಿ ಸಸಿಗೆ ಉಣಿಸುತ್ತದೆ. ಮೊದಲ ಕೆಲವು ತಿಂಗಳು ಆ ಬುತ್ತಿಯ ಬಲ ಇರುತ್ತದೆ. ಅದು ಮುಗಿದ ಮೇಲೆ ಬೇರುಗಳೇ ಗತಿ. ತೆಂಗಿಗೆ ಮಾವು, ಹುಣಸೆಯ ಹಾಗೆ ಆಳಕ್ಕಿಳಿಯುವ ತಾಯಿಬೇರು ಇಲ್ಲ. ಬುಡದಿಂದ ಹಗ್ಗದಂಥ ಬೇರುಗಳು ಒಂದೊಂದಾಗಿ ಹೊರಡುತ್ತವೆ. ಬೇರೆ ಗಿಡಗಳ ಬೇರಿನಲ್ಲಿ ಕಾಣುವ ಸಣ್ಣ ರೋಮಗಳೂ ಇದರಲ್ಲಿ ಇರುವುದಿಲ್ಲ. ಎಳೆ ಗಿಡದ ಬೇರುಗಳು ಇರುವುದು ಮೇಲುಮಣ್ಣಿನಲ್ಲಿ. ಬೇಸಿಗೆಯಲ್ಲಿ ಮೊದಲು ಕಾದು ಒಣಗುವುದೂ ಆ ಮಣ್ಣೇ.

ಇನ್ನೊಂದು ತೊಡಕು ಸುಳಿಯದ್ದು. ತೆಂಗಿಗೆ ಬೆಳೆಯುವ ತುದಿ ಇರುವುದು ಒಂದೇ. ಸುಳಿ ಸತ್ತರೆ ಪಕ್ಕದಿಂದ ಚಿಗುರು ಒಡೆಯುವುದಿಲ್ಲ. ಹಾಗಾಗಿ ಬರ ಬಂದಾಗ ಗಿಡ ಕೆಳಗಿನ ಹಳೆಯ ಗರಿಗಳನ್ನು ಮೊದಲು ಬಿಟ್ಟುಕೊಡುತ್ತದೆ. ಅವು ಜೋತುಬಿದ್ದು ಒಣಗುತ್ತವೆ. ನೋಡುವವರಿಗೆ ಗಿಡ ಹೋಯಿತು ಅನ್ನಿಸಬಹುದು. ಸುಳಿ ಹಸಿರಾಗಿ, ಗಟ್ಟಿಯಾಗಿ ನಿಂತಿದ್ದರೆ ಗಿಡಕ್ಕೆ ಇನ್ನೂ ಜೀವವಿದೆ.

ಇದಕ್ಕಿಂತ ಮೊದಲು ನಡೆಯುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ತೆಂಗಿನ ಗರಿಯ ಕೆಳಮೈಯಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಗಾಳಿ ಒಳಗೆ ಬರುವುದೂ ನೀರು ಆವಿಯಾಗಿ ಹೊರಗೆ ಹೋಗುವುದೂ ಅಲ್ಲಿಂದಲೇ. ಮಣ್ಣು ಒಣಗತೊಡಗಿದರೆ ಬೇರಿನಿಂದ ಅಬ್ಸಿಸಿಕ್ ಆಮ್ಲ ಎಂಬ ರಾಸಾಯನಿಕ ಎಲೆಗೆ ಏರುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬೇಗ ಮುಚ್ಚಿಕೊಳ್ಳುವ ತಳಿ ನೀರು ಉಳಿಸುತ್ತದೆ. ತಡವಾಗಿ ಮುಚ್ಚಿಕೊಳ್ಳುವ ತಳಿ ಸೊರಗುತ್ತದೆ. ಎತ್ತರದ ತಳಿಗಳಿಗೂ ಗಿಡ್ಡ ತಳಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಗಿಡ್ಡ ತಳಿಗಳು ಸಾಮಾನ್ಯವಾಗಿ ನೀರಿನ ವಿಷಯದಲ್ಲಿ ದುಂದುಗಾರರು. ಎಲೆಯ ಮೇಲಿನ ಮೇಣದ ಪದರವೂ ಲೆಕ್ಕಕ್ಕೆ ಬರುತ್ತದೆ. ರಂಧ್ರ ಮುಚ್ಚಿದ ಮೇಲೂ ಎಲೆಯ ಮೈಯಿಂದ ನೀರು ಜಿನುಗಿ ಹೋಗುತ್ತಿರುತ್ತದೆ. ಮೇಣ ದಪ್ಪಗಿದ್ದಷ್ಟೂ ಆ ನಷ್ಟ ಕಡಿಮೆ.

ಪೊರಕೆ ಕಡ್ಡಿಯ ಎರಡೂ ಬದಿಯಲ್ಲಿ ಎಲೆ ಕೆಳಮುಖವಾಗಿ ಮಡಚಿಕೊಳ್ಳುವುದು ಇನ್ನೊಂದು ಉಪಾಯ. ರಂಧ್ರಗಳೆಲ್ಲ ಒಳಮಗ್ಗುಲಿಗೆ ಸೇರಿ ಒಣಗಾಳಿಯಿಂದ ಮರೆಯಾಗುತ್ತವೆ. ಆದರೆ ಮೊದಮೊದಲ ಎಲೆಗಳು ಇನ್ನೂ ಸೀಳಿರುವುದಿಲ್ಲ. ಸಣ್ಣ ಸಸಿಗೆ ಈ ಅನುಕೂಲ ಪೂರ್ತಿ ಸಿಗುವುದಿಲ್ಲ.

ಉಪ್ಪಿನ ವಿಷಯ ಸ್ವಲ್ಪ ಹೇಳಬೇಕು. ತೆಂಗಿಗೆ ಉಪ್ಪು ಬೇಕು ಎಂಬ ಹಳೆಯ ಮಾತಿನಲ್ಲಿ ಹುರುಳಿದೆ. ರಂಧ್ರಗಳು ತೆರೆದು ಮುಚ್ಚಲು ಪೊಟ್ಯಾಷ್ ಜೊತೆಗೆ ಉಪ್ಪಿನಲ್ಲಿರುವ ಕ್ಲೋರೈಡ್ ಕೂಡ ಬೇಕಾಗುತ್ತದೆ. ತೆಂಗು ಅದನ್ನು ಹೆಚ್ಚಾಗಿ ನೆಚ್ಚಿಕೊಂಡ ಗಿಡ. ಕರಾವಳಿಯಲ್ಲಿ ಕಡಲ ಗಾಳಿಯೇ ಅದನ್ನು ತಂದುಕೊಡುತ್ತದೆ. ಮುರಕಲ್ಲಿನ ನೆಲದಲ್ಲಿ ಗುಣಿಗೆ ಉಪ್ಪು ಹಾಕುವುದಕ್ಕೆ ಬೇರೆಯೇ ಕಾರಣವಿದೆ, ಅದು ಗಟ್ಟಿ ಕಲ್ಲನ್ನು ಮೆದು ಮಾಡಲು. ಬೋರಿನ ನೀರೇ ಸವಳಾಗಿರುವ ಬಯಲುಸೀಮೆಯ ತೋಟಕ್ಕೆ ಇದನ್ನೆಲ್ಲ ಕೇಳಿಕೊಂಡು ಸುಮ್ನೆ ಉಪ್ಪು ಸುರಿಯಬಾರದು.

ಈಗ ಬಿಸಿಲಿನ ಮಾತು. ನನ್ನ ಲೆಕ್ಕದಲ್ಲಿ ಇದೇ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ. ನೀರು ಆವಿಯಾಗುವಾಗ ಎಲೆ ತಂಪಾಗುತ್ತದೆ. ರಂಧ್ರ ಮುಚ್ಚಿದರೆ ನೀರೇನೋ ಉಳಿಯಿತು, ತಂಪು ಹೋಯಿತು. ಏಪ್ರಿಲ್ ಮಧ್ಯಾಹ್ನ ಕಿಟಕಿ ಬಾಗಿಲು ಜಡಿದುಕೊಂಡು ಕೂತ ಹಾಗೆ ಎಲೆ ಬೇಯುತ್ತದೆ. ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನಿಂತು ಎಲೆಯ ಅಡುಗೆ, ಅಂದರೆ ಬೆಳಕಿನ ಬಲದಿಂದ ಆಹಾರ ತಯಾರಿಸುವ ಕೆಲಸ, ಬಂದ್ ಆಗುತ್ತದೆ. ಬೆಳಕು ಮಾತ್ರ ಸುರಿಯುತ್ತಲೇ ಇರುತ್ತದೆ. ಬಳಕೆಯಾಗದ ಆ ಬೆಳಕಿನ ಶಕ್ತಿ ಎಲೆಯ ಹಸಿರನ್ನೇ ಹಾಳು ಮಾಡುತ್ತದೆ. ಎಲೆ ಹಳದಿಗೆ ತಿರುಗುತ್ತದೆ, ತುದಿ ಸುಟ್ಟಂತಾಗುತ್ತದೆ. ನೀರಿನ ಬರ, ಬಿಸಿಲು ಎರಡೂ ಒಟ್ಟಿಗೆ ಬಂದಾಗ ಹೊಡೆತ ಇಮ್ಮಡಿಯಾಗುವುದು ಇದಕ್ಕೇ. ಬರ ತಾಳುವ ಒಳ್ಳೆ ತಳಿಯ ಸಸಿಯೂ ನೆರಳಿಲ್ಲದೆ ಸುಟ್ಟುಹೋಗುವುದು ಹೀಗೆ. ಹೆಣೆದ ತೆಂಗಿನ ಗರಿಯನ್ನು ಪಡುವಣ ಬಿಸಿಲಿಗೆ ಅಡ್ಡ ನಿಲ್ಲಿಸಿದರೆ ಖರ್ಚೇನೂ ಇಲ್ಲ. ಆದರೂ ಎಷ್ಟೋ ತೋಟಗಳಲ್ಲಿ ಡ್ರಿಪ್ ಪೈಪ್ ಇರುತ್ತದೆ, ಒಂದು ಮರೆ ಇರುವುದಿಲ್ಲ.

ಈ ಸಂಗತಿಗಳನ್ನು ಹೆಚ್ಚು ಕೆದಕಿದ್ದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಅಲ್ಲಿ 1916ರಲ್ಲೇ ತೆಂಗಿನ ಸಂಶೋಧನೆ ಶುರುವಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಬರದ ಅಧ್ಯಯನವೇ ಅಂತ ಕೇಳಬಹುದು. ಮಳೆಯೆಲ್ಲ ಬಹುಪಾಲು ಜೂನ್‌ನಿಂದ ಕೆಲವೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಮೇ ತನಕ ನೆಲ ಒಣಗುತ್ತಲೇ ಇರುತ್ತದೆ. ನಮ್ಮ ತಿಪಟೂರು, ಅರಸೀಕೆರೆ ಕಡೆ ಕಥೆ ಬೇರೆ. ಮಳೆಯೇ ಕಡಿಮೆ, ಆದರೆ ಹಲವು ತಿಂಗಳಿಗೆ ಹಂಚಿಕೊಂಡು ಬರುತ್ತದೆ. ಆ ನೆಲಕ್ಕೆ ಒಗ್ಗಿಕೊಂಡು ಬಂದ ತಿಪಟೂರು ಟಾಲ್ ತಳಿಯಿಂದಲೇ ಆಯ್ದು ‘ಕಲ್ಪತರು’ ಎಂಬ ತಳಿ ಕೊಟ್ಟಿದ್ದಾರೆ. ಉಂಡೆ ಕೊಬ್ಬರಿಗೂ ಅದು ಹೆಸರುವಾಸಿ. ಲಕ್ಷದ್ವೀಪದ ತೆಂಗಿನಿಂದ ಆಯ್ದ ‘ಚಂದ್ರಕಲ್ಪ’ವೂ ಬರ ತಾಳುತ್ತದೆ. ‘ಚೌಘಾಟ್ ಕಿತ್ತಳೆ ಗಿಡ್ಡ’ ಎಂಬ ತಳಿ ಎಳನೀರಿಗೆ ಬಲು ಚೆನ್ನ, ಆದರೆ ನೀರಿನ ಭರವಸೆ ಇದ್ದವರಿಗೆ ಮಾತ್ರ. ಬೇಗ ಕಾಯಿ ಬರುತ್ತದೆ ಎಂಬ ಆಸೆಗೆ ಒಣಭೂಮಿಯಲ್ಲಿ ಅದನ್ನು ನೆಡುವುದು ನನಗಂತೂ ಒಪ್ಪಿಗೆಯಿಲ್ಲ.

ನೆಟ್ಟ ಮೊದಲ ಎರಡು ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಸುಮಾರು 45 ಲೀಟರ್ ನೀರು ಕೊಡಬೇಕು ಎಂಬುದು ಕೃಷಿ ತಜ್ಞರ ಸಾಮಾನ್ಯ ಸಲಹೆ. ಪಾತಿಗೆ ಒಣಗರಿ, ತೆಂಗಿನ ಸಿಪ್ಪೆ, ನಾರಿನ ಪುಡಿ ಮುಚ್ಚಿದರೆ ಆ ನೀರು ಹೆಚ್ಚು ದಿನ ನಿಲ್ಲುತ್ತದೆ, ಬೇರಿನ ಮಣ್ಣೂ ಕಾಯುವುದಿಲ್ಲ. ನಾರಿನ ಪುಡಿ ತನ್ನ ತೂಕದ ಐದು ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ. ಗೆದ್ದಲು ಬರುವ ನೆಲವಾದರೆ ಒಣ ಹೊದಿಕೆಯನ್ನು ಬುಡಕ್ಕೆ ತಾಗಿಸದೆ ಒಂದು ಗೇಣು ದೂರ ಇಡಿ.

ಒಣಗಿದ ಗಿಡಕ್ಕೆ ನೀರು ಕೊಟ್ಟ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಎಲೆಗೆ ನೀರು ಬೇಗ ತುಂಬುತ್ತದೆ. ರಂಧ್ರಗಳು ಮೊದಲಿನಷ್ಟು ತೆರೆದು ಅಡುಗೆ ಶುರುವಾಗಲು ಮತ್ತೂ ಕೆಲವು ದಿನ ಹಿಡಿಯುತ್ತದೆ. ಕಳೆದುಹೋದ ಗರಿಗಳ ಲೆಕ್ಕ ಬೇರೆ ಇದೆ. ತೆಂಗಿನಲ್ಲಿ ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ. ಗಿಡ ಇಂತಿಷ್ಟು ಗರಿ ಬಿಟ್ಟ ಮೇಲೇ ಮೊದಲ ಹೊಂಬಾಳೆ ಒಡೆಯುತ್ತದೆ. ಎರಡು ಬೇಸಿಗೆ ಹೇಗೋ ತಾಳಿಕೊಂಡು ಉಳಿದ ಸಸಿ, ಪಕ್ಕದ ನೀರುಂಡ ಸಸಿಗಿಂತ ತಡವಾಗಿ ಕಾಯಿಗೆ ಬರುವುದು ಅದಕ್ಕೇ.