ರೂಪಾಯಿಗೆ ಹದಿನಾರೇ ಆಣೆ ಏಕೆ?

‘ಹದಿನಾರಾಣೆ ಸತ್ಯ’ ಎಂದು ಆಣೆಯನ್ನೇ ಕಾಣದವರೂ ಹೇಳುತ್ತಾರೆ. ನೂರರ ಲೆಕ್ಕಕ್ಕೆ ಒಗ್ಗಿದ ನಮಗೆ ಹದಿನಾರು ಹಳೆಯ ಕಾಲದ ಹುಚ್ಚಾಟದಂತೆ ತೋರುತ್ತದೆ. ಆದರೆ ಬಾಯಿಲೆಕ್ಕದಲ್ಲೇ ಸಂತೆಯ ವ್ಯವಹಾರ ಮುಗಿಸುತ್ತಿದ್ದವರಿಗೆ ನೂರಕ್ಕಿಂತ ಹದಿನಾರೇ ಹಿತವಾಗಿದ್ದಿರಬೇಕು.

ಭಾಗಾಕಾರಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಎರಡು ಸಮಪಾಲು ಮಾಡುವುದು. ಹದಿನಾರನ್ನು ಅರ್ಧ ಮಾಡುತ್ತಾ ಹೋದರೆ ಎಂಟು, ನಾಲ್ಕು, ಎರಡು, ಒಂದು ಎಂದು ಸಲೀಸಾಗಿ ಇಳಿಯುತ್ತದೆ. ನೂರಾದರೋ, ಇಪ್ಪತ್ತೈದಕ್ಕೆ ಬಂದು ಮುಗ್ಗರಿಸುತ್ತದೆ. ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಒಟ್ಟು ರೂಪಾಯಿಗೆ 192 ಪೈ. ಪೈ ಲೆಕ್ಕದ ಈ ಮೂರು ಸೇರಿದ್ದರಿಂದ ಮೂವರಿಗೆ ರೂಪಾಯಿ ಹಂಚುವಾಗ ತಲೆಗೆ ಐದಾಣೆ ನಾಲ್ಕು ಪೈ, ಜಗಳವೇ ಇಲ್ಲ. 192ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 14, ನೂರಕ್ಕೆ ಇರುವುದು 9. ಪಾಲುದಾರರು ಐವರಾದರೆ ಮಾತ್ರ ನೂರೇ ಗೆಲ್ಲುತ್ತದೆ, ಒಪ್ಪಬೇಕು.

ಕನ್ನಡ ನಾಡಿನ ಹಳೆಯ ಲೆಕ್ಕ ಇನ್ನೂ ಜಾಣತನದ್ದು. ಹಣ, ವರಾಹ ಎರಡೂ ಚಿನ್ನದ ನಾಣ್ಯಗಳು; ಹತ್ತು ಹಣ ಸೇರಿದರೆ ಒಂದು ವರಾಹ. ಹಣದಿಂದ ಕೆಳಗೆ ಇಳಿದರೆ ದಶಮಾನ ಬಿಟ್ಟು ಅರ್ಧ ಮಾಡುವ ಪದ್ಧತಿ: ಅಡ್ಡ ಎಂದರೆ ಅರೆ ಹಣ, ಹಾಗ ಎಂದರೆ ಕಾಲು, ವೀಸ ಎಂದರೆ ಹದಿನಾರನೆಯ ಒಂದು ಪಾಲು. ದೊಡ್ಡ ಮೊತ್ತವನ್ನು ಎಣಿಸಲು ಹತ್ತು, ಚಿಲ್ಲರೆಯನ್ನು ಒಡೆಯಲು ಎರಡು! ವಿಜಯನಗರದ ವರಾಹ ಸುಮಾರು 3.4 ಗ್ರಾಂ ಚಿನ್ನ. ಹಾಗಾದರೆ ಹಣ ಮೂರನೆಯ ಒಂದು ಗ್ರಾಮಿನಷ್ಟೇ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣವೂ ಅಷ್ಟೇ ಪುಟ್ಟದು, ಊದಿದರೆ ಹಾರೀತು ಎನ್ನುವಂಥದ್ದು. ಅಷ್ಟರೊಳಗೆ ನರಸಿಂಹನನ್ನು ಕೂರಿಸಿದ ಅಚ್ಚುಗಾರನ ಕಣ್ಣಿಗೆ ಶರಣು.

1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯಾಪೈಸೆಯಾಯಿತು. ಆಗ ಒಂದಾಣೆಯ ಬೆಲೆ ಆರೂಕಾಲು ನಯಾಪೈಸೆ. ಅಂಥ ನಾಣ್ಯ ಎಲ್ಲಿದೆ? ಅದನ್ನು ಆರಕ್ಕೆ ಇಳಿಸಿದರೆ ನಾಲ್ಕು ಬಾರಿ ಒಂದೊಂದಾಣೆ ಕೊಡುವವನ ಲೆಕ್ಕ 24, ಒಟ್ಟಿಗೆ ನಾಲ್ಕಾಣೆ ಕೊಡುವವನದು 25. ಎರಡಾಣೆಯೂ ಹನ್ನೆರಡೂವರೆಯಲ್ಲಿ ಸಿಕ್ಕಿಕೊಂಡಿತು. ನಾಲ್ಕಾಣೆ, ಎಂಟಾಣೆಗಳು ಮಾತ್ರ 25 ಮತ್ತು 50ಕ್ಕೆ ಸರಿಯಾಗಿ ಕೂಡಿದವು. ಹೊಸ ನಾಣ್ಯಗಳ ಮೇಲೂ ಆ ಎರಡು ಹೆಸರುಗಳು ಗಟ್ಟಿಯಾಗಿ ಕೂತದ್ದು ಅದರಿಂದಲೇ. 2011ರ ಜೂನ್ ಕೊನೆಗೆ 25 ಪೈಸೆ ಚಲಾವಣೆಯಿಂದ ಹೋಗುವವರೆಗೂ ಅದು ಜನರ ಬಾಯಲ್ಲಿ ನಾಲ್ಕಾಣೆಯೇ ಆಗಿತ್ತು.