ಒಳಗಿನವರನ್ನು ಮಾತಾಡಿಸುವ ಚಿಕಿತ್ಸೆ ಮುಂಬೈ ತಲುಪಿದ ಬಗೆ

ಮುಂಬೈ ಕನ್ನಡಿಗರ ಮನೆಗಳಲ್ಲಿ ಈಗ ಹೊಸ ಬಗೆಯ ಮಾತು ಕೇಳಿಬರುತ್ತಿದೆ. ನನ್ನೊಳಗಿನ ಒಂದು ಪಾರ್ಟ್‌ಗೆ ಇನ್ನೂ ಭಯ ಇದೆ ಎನ್ನುತ್ತಾಳೆ ಮಗಳು. ಅವಳು ಹೋಗುತ್ತಿರುವುದು ಪಾರ್ಟ್ಸ್ ಥೆರಪಿಗೆ, ಅಂದರೆ ಮನಸ್ಸಿನ ಬೇರೆ ಬೇರೆ ಪಾಲುಗಳನ್ನು ಮಾತಾಡಿಸುವ ಚಿಕಿತ್ಸೆಗೆ. ಊರಿನಿಂದ ಬಂದ ಅಜ್ಜಿಗೆ ಇದು ಮೈಮೇಲೆ ಬರುವ ವಿಷಯವೇನೋ ಅನ್ನಿಸುತ್ತದೆ. ಅಪ್ಪನಿಗೆ ಸುಮ್ನೆ ದುಡ್ಡು ದಂಡ. ಯಾರ ಮಾತು ಯಾರಿಗೂ ತಲುಪದೆ ವಿಷಯ ಗೋಜಲಾಗಿದೆ.

ಮನಸ್ಸು ಒಂದೇ ತುಂಡಲ್ಲ ಎಂಬ ವಿಚಾರವೇನೂ ಹೊಸದಲ್ಲ. ತಾಳಲಾಗದ ಆಘಾತವಾದಾಗ ಮನಸ್ಸಿನ ಒಂದು ಪಾಲು ಕಳಚಿಕೊಳ್ಳುತ್ತದೆ ಎಂದು ಫ್ರಾನ್ಸಿನ ಪಿಯರ್ ಜಾನೆ 19ನೇ ಶತಮಾನದ ಕೊನೆಯಲ್ಲೇ ಹೇಳಿದ್ದರು. ಮೊದಲ ಮಹಾಯುದ್ಧದ ಸೈನಿಕರನ್ನು ನೋಡಿದ ಬ್ರಿಟನ್ನಿನ ಚಾರ್ಲ್ಸ್ ಮಯರ್ಸ್ ಕೂಡ ಇದನ್ನೇ ಕಂಡರು. ಆಮೇಲೆ ಬಹಳ ವರ್ಷ ಈ ಮಾತು ಮೂಲೆ ಸೇರಿತು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಪಿಟಿಎಸ್‌ಡಿ ಎಂಬ ಕಾಯಿಲೆ, ಅಂದರೆ ಆಘಾತ ಮುಗಿದ ಮೇಲೂ ಅದರ ಭಯ, ನೆನಪು ಬಿಡದೆ ಕಾಡುವ ಸ್ಥಿತಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂತು.

ಗಂಟು ಬಿದ್ದದ್ದು ಅಲ್ಲೇ. ಆ ವಿವರಣೆ ಯುದ್ಧ, ಅಪಘಾತ, ಅತ್ಯಾಚಾರದಂಥ ಘಟನೆಗಳಿಗೆ ಚೆನ್ನಾಗಿ ಹೊಂದುತ್ತಿತ್ತು. ಅಂಥ ಆಘಾತ ಮುಂಬೈಗೂ ಗೊತ್ತು. 1993ರ ಸ್ಫೋಟ, 2005ರ ಜುಲೈ ನೆರೆ, 2008ರ ನವೆಂಬರ್ ದಾಳಿ. ಪ್ರತಿ ಸಲವೂ ನಗರದ ಗಟ್ಟಿತನವನ್ನು ಎಲ್ಲರೂ ಹೊಗಳಿದರು. ನಿದ್ದೆ ಬಾರದವರ ಬಗ್ಗೆ ಮಾತು ಕಮ್ಮಿ. ಆದರೆ ದಿನಾಂಕವೇ ಇಲ್ಲದ ನೋವನ್ನು ಎಲ್ಲಿ ಬರೆದುಕೊಳ್ಳುವುದು? ವರ್ಷಗಟ್ಟಲೆ ಮನೆಯೊಳಗೇ ತಿಂದ ಪೆಟ್ಟು, ಬೈಗುಳ, ಹೇಳಿಕೊಳ್ಳಲಾಗದ ಇನ್ನೇನೋ. ಇದಕ್ಕೆ ಬೇರೆ ಹೆಸರು ಬೇಕು ಎಂದು 1992ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ವಾದಿಸಿದರು. ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂದರು. ಭಯ, ಕೆಟ್ಟ ನೆನಪುಗಳ ಜೊತೆಗೆ ಇನ್ನೂ ಮೂರು ಸಂಗತಿ ಇಲ್ಲಿರುತ್ತವೆ. ಸಿಟ್ಟು, ದುಃಖ ಹಿಡಿತಕ್ಕೆ ಸಿಗುವುದಿಲ್ಲ. ನಾನು ಯಾತಕ್ಕೂ ಬಾರದವ ಅನ್ನಿಸುತ್ತದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈ ಹೆಸರು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಮೂವತ್ತು ವರ್ಷ ಹಿಡಿಯಿತು. ಅಮೆರಿಕದ ಕೈಪಿಡಿಯಲ್ಲಂತೂ ಅದಕ್ಕೆ ಇಂದಿಗೂ ಪ್ರತ್ಯೇಕ ಜಾಗ ಇಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಪಾರ್ಟ್ಸ್ ಥೆರಪಿ ಬೆಳೆಯಿತು. 1980ರ ದಶಕದಲ್ಲಿ ಶಿಕಾಗೋದ ರಿಚರ್ಡ್ ಶ್ವಾರ್ಟ್ಜ್ ಬುಲಿಮಿಯಾ, ಅಂದರೆ ಹಿಡಿತವಿಲ್ಲದೆ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವಂಥ ಕಾಯಿಲೆ, ಇದ್ದವರಿಗೆ ಕುಟುಂಬ ಚಿಕಿತ್ಸೆ ಕೊಡುತ್ತಿದ್ದರು. ತಿನ್ನು ಎನ್ನುವ ಒಂದು ಪಾರ್ಟ್, ಬೈಯುವ ಇನ್ನೊಂದು ಪಾರ್ಟ್ ತಮ್ಮೊಳಗೆ ಇವೆ ಎಂದು ಆ ರೋಗಿಗಳು ಹೇಳತೊಡಗಿದರು. ಮೊದಮೊದಲು ಆ ಪಾರ್ಟ್‌ಗಳ ಬಾಯಿ ಮುಚ್ಚಿಸಲು ಶ್ವಾರ್ಟ್ಜ್ ಹೇಳಿಕೊಟ್ಟರು. ತೊಂದರೆ ಜಾಸ್ತಿಯಾಯಿತು. ಜಗಳ ಬಿಟ್ಟು, ನೀನು ಯಾಕೆ ಹೀಗೆ ಮಾಡ್ತೀಯ ಎಂದು ಅವುಗಳನ್ನೇ ಕೇಳಿದಾಗ ಉತ್ತರ ಬರತೊಡಗಿತು. ಒಳಗಿರುವುದೂ ಕೂಡುಕುಟುಂಬದ ಹಾಗೆಯೇ, ಎಲ್ಲರಿಗೂ ಒಂದೊಂದು ಕೆಲಸ ಇದೆ ಎಂದು ಶ್ವಾರ್ಟ್ಜ್‌ಗೆ ಹೊಳೆಯಿತು. ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಅಂದರೆ ಐಎಫ್‌ಎಸ್, ಹುಟ್ಟಿದ್ದು ಹೀಗೆ. ಅವರ ಪುಸ್ತಕ ಬಂದದ್ದು 1995ರಲ್ಲಿ.

ಕೆಲಸ ಹೇಗೆ ನಡೆಯುತ್ತದೆ? ನಮ್ಮವರದೇ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. 1970ರ ಬೊಂಬಾಯಿ. ಕುಂದಾಪುರದ ಕಡೆಯಿಂದ ಬಂದ ಹನ್ನೆರಡರ ಹುಡುಗ. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುತ್ತಾನೆ, ರಾತ್ರಿ ಹೋಟೆಲಿನಲ್ಲೇ ಮಲಗುತ್ತಾನೆ. ಲೋಟ ಒಡೆದರೆ ಪೆಟ್ಟು. ಇಂಥ ಹುಡುಗರು ಮುಂದೆ ಬಂದ ಕಥೆಗಳನ್ನು ನಮ್ಮ ಸಂಘಗಳ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಪಡಬೇಕಾದ್ದೇ. ಒಳ್ಳೆಯ ಧಣಿಗಳೂ ಇದ್ದರು. ಆದರೆ ಹದಿನಾಲ್ಕರ ಒಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯುವುದಕ್ಕೆ ಕಾನೂನಿನ ತಡೆ ಬಿದ್ದದ್ದು 2006ರಲ್ಲಿ ಎಂಬುದನ್ನೂ ನೆನಪಿಡಬೇಕು, ಅಲ್ವಾ?

ಆ ಹುಡುಗನಿಗೆ ಈಗ ಅರವತ್ತು ದಾಟಿದೆ. ಒಂದು ದಿನವೂ ರಜೆ ಹಾಕದ, ಎಲ್ಲವನ್ನೂ ತಾನೇ ನೋಡಿಕೊಳ್ಳುವ ಪಾರ್ಟ್ ಒಂದಿದೆ. ಐಎಫ್‌ಎಸ್‌ನಲ್ಲಿ ಅದು ಮ್ಯಾನೇಜರ್. ಮೊಮ್ಮಗ ಲೋಟ ಬೀಳಿಸಿದಾಗ ಕೂಗಾಡುವ, ರಾತ್ರಿ ಎರಡು ಪೆಗ್ ಕೇಳುವ ಪಾರ್ಟ್ ಫೈರ್‌ಫೈಟರ್. ಈ ಇಬ್ಬರೂ ಸೇರಿ ಮುಚ್ಚಿಟ್ಟದ್ದು ಅಮ್ಮನ ನೆನಪಲ್ಲಿ ಅಳುವ ಹುಡುಗನನ್ನು. ಅವನು ಎಕ್ಸೈಲ್, ಅಂದರೆ ಗಡೀಪಾರಾದವನು. ಚಿಕಿತ್ಸಕರು ನೇರ ಆ ಹುಡುಗನ ಹತ್ತಿರ ನುಗ್ಗುವಂತಿಲ್ಲ. ಕಾವಲು ನಿಂತವರ ಒಪ್ಪಿಗೆ ಮೊದಲು ಬೇಕು. ನೀನು ಈ ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಅಂತ ಭಯ ಎಂದು ಅವರನ್ನು ಕೇಳುತ್ತಾರೆ. ಸಮಾಧಾನದಿಂದ ಇದನ್ನೆಲ್ಲ ಕೇಳಿಸಿಕೊಳ್ಳಬಲ್ಲವನೂ ಪ್ರತಿಯೊಬ್ಬರ ಒಳಗೆ ಇದ್ದಾನೆ ಎನ್ನುವುದು ಶ್ವಾರ್ಟ್ಜ್ ನಂಬಿಕೆ. ಅವನನ್ನು ಸೆಲ್ಫ್ ಎನ್ನುತ್ತಾರೆ. ಅಜ್ಜಿಯ ಅನುಮಾನಕ್ಕೂ ಇಲ್ಲೇ ಉತ್ತರ ಇದೆ. ಹೊರಗಿನಿಂದ ಯಾರೂ ಬರುವುದಿಲ್ಲ, ಎಲ್ಲ ಪಾರ್ಟ್‌ಗಳೂ ನಮ್ಮವೇ.

ಕೇಳಲು ಚಂದ. ಪುರಾವೆ ಮಾತ್ರ ಇನ್ನೂ ತೆಳು. ಬಾಲ್ಯದಲ್ಲಿ ಹಲವು ಆಘಾತ ಕಂಡವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಚೆನ್ನಾಗಿ ಇಳಿದವು. ಆದರೆ ಅದರಲ್ಲಿ ಇದ್ದವರು ಬರೀ 17 ಮಂದಿ, ಹೋಲಿಸಲು ಬೇರೆ ಗುಂಪು ಇರಲಿಲ್ಲ. ಕಣ್ಣು ಆಚೀಚೆ ಆಡಿಸುತ್ತಾ ಆಘಾತದ ನೆನಪನ್ನು ಎದುರಿಸುವ ಇಎಂಡಿಆರ್, ಯೋಚನೆ, ನಡವಳಿಕೆಯನ್ನು ತಿದ್ದುವ ಸಿಬಿಟಿಯ ಆಘಾತಕ್ಕೆಂದೇ ರೂಪಿಸಿದ ಬಗೆ, ಇಂಥ ವಿಧಾನಗಳಿಗೆ ಇದಕ್ಕಿಂತ ಗಟ್ಟಿ ಆಧಾರ ಇದೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಎಂದು ಹರ್ಮನ್ ಹೇಳಿದ್ದರು. ಆ ಕ್ರಮ ಬಿಟ್ಟು ಮೊದಲ ವಾರವೇ ಹಳೇ ಗಾಯ ಕೆದಕುವ ಚಿಕಿತ್ಸಕರಿಂದ ದೂರ ಇರುವುದು ವಾಸಿ.

ಮುಂಬೈಯಲ್ಲಿ ಇದು ಮುಖ್ಯವಾಗಿ ಖಾಸಗಿ ಕ್ಲಿನಿಕ್‌ಗಳ ಚಿಕಿತ್ಸೆ, ಇಂಗ್ಲಿಷಿನಲ್ಲೇ ಜಾಸ್ತಿ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಕಾನೂನು ಹೇಳುತ್ತದೆ. ವಾರವಾರದ ಸೆಷನ್ನಿನ ಬಿಲ್ಲು ಮಾತ್ರ ಸಾಮಾನ್ಯವಾಗಿ ನಮ್ಮ ಜೇಬಿನಿಂದಲೇ. ಹಾಗಾಗಿ ಐಟಿ ಕಂಪನಿಯ ಮೊಮ್ಮಗಳಿಗೆ ಸಿಗುವ ಚಿಕಿತ್ಸೆ ಲೋಟ ತೊಳೆದ ಅಜ್ಜನಿಗೆ ಸಿಗುವುದು ಕಷ್ಟ. ಚಿಕ್ಕಂದಿನ ನೋವನ್ನು ಕುಂದಾಪುರದ ಕನ್ನಡದಲ್ಲಿ ಹೇಳಬೇಕೆಂದರೆ ಇನ್ನೂ ಕಷ್ಟ. ಕೊರೋನಾ ನಂತರ ವಿಡಿಯೊ ಸೆಷನ್ ರೂಢಿಯಾಯಿತು. ಡೊಂಬಿವಲಿಯಲ್ಲಿ ಕೂತು ಬೆಂಗಳೂರಿನ ಚಿಕಿತ್ಸಕರ ಜೊತೆ ಕನ್ನಡದಲ್ಲೇ ಮಾತಾಡಬಹುದು, ಒಂದೇ ಕೋಣೆಯ ಮನೆಯಲ್ಲಿ ಮುಚ್ಚಲು ಬಾಗಿಲು ಸಿಕ್ಕರೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದರೆ ದುಡ್ಡಿಲ್ಲ, ಕನ್ನಡವೂ ಇದೆ. ಅಲ್ಲಿ ಐಎಫ್‌ಎಸ್ ಮಾಡುವುದಿಲ್ಲ. ಯಾರ ಹತ್ತಿರ ಹೋಗಬೇಕು ಎಂದು ಕೇಳಲು ಸಾಕು.