ಬೋರ್ ನೀರು ಕುಡಿದು ನಾಯಿಗೆ ಮೂತ್ರದ ಕಲ್ಲು ಬಂತೇ?

ಪ್ರಶ್ನೆ: ನಮ್ಮ ನಾಯಿ ಕೆಲವು ದಿನಗಳಿಂದ ಹನಿ ಹನಿಯಾಗಿ ಮೂತ್ರ ಮಾಡುತ್ತಿತ್ತು, ನಂತರ ರಕ್ತವೂ ಬಂತು. ಎಕ್ಸ್‌ರೇ ತೆಗೆಸಿದಾಗ ಮೂತ್ರಕೋಶದಲ್ಲಿ ಕಲ್ಲು ಕಂಡಿತು. ನಮ್ಮದು ಬೋರ್ ನೀರು, ಬಹಳ ಗಡಸು. ಈಗ ಫಿಲ್ಟರ್ ನೀರು ಕೊಡಲು ಆರಂಭಿಸಿದ್ದೇವೆ. ಕಲ್ಲು ತಾನಾಗಿ ಕರಗುತ್ತದೆಯೇ?

ಉತ್ತರ: ತಾನಾಗಿ ಕರಗುವುದಿಲ್ಲ. ಜಮಖಂಡಿಯಿಂದ, ಇಂಡಿಯಿಂದ, ಬಸವನ ಬಾಗೇವಾಡಿಯಿಂದ, ಮುಧೋಳದ ತೋಟದ ಮನೆಗಳಿಂದ ಪ್ರತಿ ಬೇಸಿಗೆಯಲ್ಲಿಯೂ ಇದೇ ಪ್ರಶ್ನೆ ಅಲ್ಪಸ್ವಲ್ಪ ಮಾತು ಬದಲಾಗಿ ನನಗೆ ಬರುತ್ತದೆ. ಕೇಳುವವರೆಲ್ಲರೂ ತಪ್ಪು ನೀರಿನದೇ ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ನೀರು ಬದಲಿಸಿ ಕಾಯುತ್ತ ಕುಳಿತ ಅಷ್ಟೂ ದಿನ ಕಲ್ಲು ಬೆಳೆಯುತ್ತಲೇ ಇರುತ್ತದೆಯಾದ್ದರಿಂದ ಈ ತೀರ್ಮಾನವನ್ನು ಇನ್ನೊಮ್ಮೆ ಬಿಡಿಸಿ ನೋಡುವುದು ಅಗತ್ಯ.

ಈ ತೀರ್ಮಾನ ಹುಟ್ಟಿದ್ದು ಎಲ್ಲಿ ಎಂಬುದು ನನಗೆ ಅರ್ಥವಾಗುತ್ತದೆ. ಬಾಗಲಕೋಟೆ, ಲೋಕಾಪುರ, ಮುಧೋಳದ ನೆಲದಡಿ ಸುಣ್ಣದ ಕಲ್ಲಿನ ಪದರಗಳಿವೆ. ಸಿಮೆಂಟ್ ಕಾರ್ಖಾನೆಗಳು ಈ ಭಾಗಕ್ಕೆ ಬಂದದ್ದೂ ಅದಕ್ಕಾಗಿಯೇ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಬಿಳಿಯ ಪೊರೆ ಕಟ್ಟುವುದನ್ನು ಮನೆಮಂದಿಯೆಲ್ಲ ದಿನವೂ ನೋಡುತ್ತಾರೆ. ಪಾತ್ರೆಯಲ್ಲಿ ಕಟ್ಟುವುದು ಹೊಟ್ಟೆಯಲ್ಲಿಯೂ ಕಟ್ಟುತ್ತದೆ ಎಂದು ಊಹಿಸುವುದು ಸಹಜ. ಆದರೆ ಪಾತ್ರೆಯ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಕರಗದ ಸುಣ್ಣ ಉಳಿಯುತ್ತದೆ. ನಾಯಿಯ ಮೂತ್ರಕೋಶದಿಂದ ತೆಗೆದ ಕಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಈ ವಸ್ತು ಸಿಗುವುದು ತೀರ ಅಪರೂಪ. ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲು ಕುದುರೆಗಳಲ್ಲಿ, ಮೊಲಗಳಲ್ಲಿ ಆಗುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಸ್ಟ್ರೂವೈಟ್ (ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಕೂಡಿದ ಕಲ್ಲು) ಮತ್ತು ಕ್ಯಾಲ್ಸಿಯಂ ಆಕ್ಸಲೇಟ್. ಅವುಗಳ ನಂತರ ಯೂರೇಟ್, ಸಿಸ್ಟೀನ್. ಇವು ಬೇರೆ ವಸ್ತುಗಳು, ಇವು ಹುಟ್ಟುವ ಕಾರಣಗಳೂ ಬೇರೆ.

ಇನ್ನು ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ 75 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 200 ಮಿಲಿಗ್ರಾಂವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು ಆ ಕೊನೆಯ ಮಿತಿಯನ್ನೇ ಮುಟ್ಟಿದೆ ಎಂದುಕೊಳ್ಳಿ. 20 ಕಿಲೋ ತೂಗುವ ನಾಯಿ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಕುಡಿದರೆ ನೀರಿನಿಂದ ಅದರ ಹೊಟ್ಟೆಗೆ ಹೋಗುವ ಕ್ಯಾಲ್ಸಿಯಂ 200 ಮಿಲಿಗ್ರಾಂ. ಆಕಳ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂದರೆ ಬೋರ್ ನೀರಿಗೆ ಹೆದರಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುವ ಮನೆಯಲ್ಲಿ, ಅದೇ ನಾಯಿಗೆ ಬೆಳಿಗ್ಗೆ ರೊಟ್ಟಿ ನೆನೆಸಿ ಕೊಡುವ ಒಂದು ಲೋಟ ಹಾಲಿನಲ್ಲಿ ಇಡೀ ದಿನದ ಬೋರ್ ನೀರಿನಷ್ಟು ಕ್ಯಾಲ್ಸಿಯಂ ಹೋಗುತ್ತಿರುತ್ತದೆ. ಇದನ್ನು ಓದಿ ಹಾಲನ್ನೂ ನಿಲ್ಲಿಸಲು ಹೊರಡಬೇಡಿ. ಅಷ್ಟು ದೊಡ್ಡ ನಾಯಿಗೆ ದಿನಕ್ಕೆ ಒಂದು ಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಬೇಕೇ ಬೇಕು, ಮತ್ತು ಆಹಾರದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಕರುಳಿನಲ್ಲಿ ಅದರೊಂದಿಗೆ ಬೆಸೆದು ಹೊರಹೋಗಬೇಕಾದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ.

ಮೂರನೆಯ ಸಾಕ್ಷ್ಯ ನಮ್ಮ ಊರಿನಲ್ಲಿಯೇ ಇದೆ. ಮುಧೋಳ ನಾಯಿ ತಲೆಮಾರುಗಳಿಂದ ಇದೇ ಸುಣ್ಣದ ನೆಲದ ನೀರು ಕುಡಿದು ಬೆಳೆದ ತಳಿ; ಮೂತ್ರದ ಕಲ್ಲಿಗೆ ಹೆಸರಾದ ತಳಿಗಳ ಪಟ್ಟಿಯಲ್ಲಿ ಅದು ಇಲ್ಲ. ಆ ಪಟ್ಟಿಯಲ್ಲಿರುವ ಡಾಲ್ಮೇಷನ್‌ಗೆ ಎಷ್ಟು ಮೆದುವಾದ ನೀರು ಕೊಟ್ಟರೂ ಯೂರೇಟ್ ಕಲ್ಲಿನ ಅಪಾಯ ತಪ್ಪುವುದಿಲ್ಲ, ಏಕೆಂದರೆ ಯೂರಿಕ್ ಆಮ್ಲವನ್ನು ಸಾಗಿಸುವ ಜೀನ್‌ನಲ್ಲಿಯೇ ಅದಕ್ಕೆ ಹುಟ್ಟಿನಿಂದ ದೋಷವಿದೆ. ಶಿಟ್ಸು, ಲ್ಹಾಸಾ ಆಪ್ಸೊ, ಮಿನಿಯೇಚರ್ ಷ್ನೌಜರ್‌ನಂಥ ಸಣ್ಣ ತಳಿಯ ಗಂಡು ನಾಯಿಗಳಿಗೆ ವಯಸ್ಸಾಗುತ್ತ ಬಂದಂತೆ ಆಕ್ಸಲೇಟ್ ಕಲ್ಲು ಹೆಚ್ಚು. ನೀರಿನ ಖನಿಜಗಳಿಗೆ ಇದರಲ್ಲಿ ಸಣ್ಣ ಪಾಲು ಇರಬಹುದೇ ಎಂಬ ಚರ್ಚೆ ಸಂಶೋಧಕರಲ್ಲಿ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ಅಲ್ಲಗಳೆಯುತ್ತಿರುವುದು ನೀರು ಬದಲಿಸುವುದೇ ಚಿಕಿತ್ಸೆ ಎಂಬ ನಂಬಿಕೆಯನ್ನು.

ಈ ನಂಬಿಕೆ ನಿರುಪದ್ರವಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಬೋರ್ ನೀರು ಕೆಟ್ಟದ್ದೆಂದು ಹೊರಗಿನ ತೊಟ್ಟಿಯನ್ನು ಮುಚ್ಚಿ, ಫಿಲ್ಟರ್ ನೀರನ್ನು ದಿನಕ್ಕೆ ಎರಡು ಹೊತ್ತು ಅಳತೆ ಮಾಡಿ ಇಡುತ್ತಾರೆ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಆ ನೀರು ಸಾಲುವುದಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಮತ್ತು ಯಾವ ಬಗೆಯ ಕಲ್ಲಿಗೇ ಆಗಲಿ ಗಟ್ಟಿ ಮೂತ್ರವೇ ಅನುಕೂಲ. ಗಡಸು ನೀರನ್ನು ಹೊಟ್ಟೆ ತುಂಬ ಕುಡಿದ ನಾಯಿ, ಶುದ್ಧ ನೀರನ್ನು ಅರೆಹೊಟ್ಟೆ ಕುಡಿದ ನಾಯಿಗಿಂತ ಸುರಕ್ಷಿತ. ಫಿಲ್ಟರ್ ನೀರು ಕೊಡಬೇಕೆಂದಿದ್ದರೆ ಧಾರಾಳವಾಗಿ ಕೊಡಿ, ನೆರಳಿನಲ್ಲಿ ಎರಡು ಮೂರು ಕಡೆ ಇಡಿ, ರೊಟ್ಟಿಯನ್ನು ಒಣದಾಗಿ ಹಾಕದೆ ನೀರು ಬೆರೆಸಿ ಕೊಡಿ, ಮತ್ತು ಮೂತ್ರ ಮಾಡಲು ದಿನಕ್ಕೆ ನಾಲ್ಕೈದು ಬಾರಿ ಬಿಡಿ. ನಾಯಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 50 ರಿಂದ 60 ಮಿಲಿಲೀಟರ್ ನೀರು ಸಾಮಾನ್ಯ ಪ್ರಮಾಣ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ನಾಯಿ ತಾನಾಗಿಯೇ ಕಿಲೋಗೆ 100 ಮಿಲಿಲೀಟರ್ ದಾಟಿ ಕುಡಿಯುತ್ತಿದ್ದರೆ ಮಾತ್ರ ಮೂತ್ರಪಿಂಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಬೇಕು.

ಹಾಗಾದರೆ ಕಲ್ಲು ಏಕೆ ಆಗುತ್ತದೆ? ಹೆಣ್ಣು ನಾಯಿಯಲ್ಲಿ ಸಾಮಾನ್ಯವಾಗಿ ಸೋಂಕಿನಿಂದ. ಹೆಣ್ಣಿನ ಮೂತ್ರನಾಳ ಗಿಡ್ಡ ಮತ್ತು ಅಗಲ. ಹೊರಗಿನ ಬ್ಯಾಕ್ಟೀರಿಯಾ ಸುಲಭವಾಗಿ ಮೇಲೇರುತ್ತವೆ. ಅವುಗಳಲ್ಲಿ ಸ್ಟ್ಯಾಫಿಲೊಕಾಕಸ್, ಪ್ರೋಟಿಯಸ್‌ನಂಥವು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಮೆಗ್ನೀಷಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಕೂಡಿ ಸ್ಟ್ರೂವೈಟ್ ಹರಳುಗಟ್ಟುತ್ತದೆ. ಬ್ಯಾಕ್ಟೀರಿಯಾ ಕಲ್ಲಿನ ಪದರಗಳ ಒಳಗೂ ಸಿಕ್ಕಿಕೊಂಡಿರುತ್ತವೆ. ಮೂರು ದಿನ ಗುಳಿಗೆ ಕೊಟ್ಟು ರಕ್ತ ನಿಂತಿತೆಂದು ಬಿಟ್ಟವರ ಮನೆಯಲ್ಲಿ ಅದೇ ರೋಗ ಮತ್ತೆ ಮತ್ತೆ ಬರುವುದು ಇದರಿಂದಲೇ.

ಕರಗುತ್ತದೆಯೇ ಎಂಬುದು ಕಲ್ಲಿನ ಜಾತಿಯನ್ನು ಅವಲಂಬಿಸಿದೆ. ಸ್ಟ್ರೂವೈಟ್ ಕರಗುತ್ತದೆ: ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ನೋಡಿ ಕೊಟ್ಟ ಆಂಟಿಬಯೋಟಿಕ್ ಹಾಗೂ ಕಲ್ಲು ಕರಗಿಸಲೆಂದೇ ತಯಾರಿಸಿದ ಆಹಾರ ಎರಡೂ ಕೂಡಿದಾಗ, ಕೆಲವು ವಾರಗಳಿಂದ ಎರಡು ಮೂರು ತಿಂಗಳುಗಳಲ್ಲಿ. ಆ ಆಹಾರ ತಿನ್ನುವಾಗ ನಡುವೆ ರೊಟ್ಟಿ, ಹಾಲು, ಮಾಂಸದ ಚೂರು ಬೆರೆತರೆ ಖರ್ಚಷ್ಟೇ ಉಳಿಯುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಔಷಧಿಗೂ ಕರಗುವುದಿಲ್ಲ. ತೀರ ಸಣ್ಣದಿದ್ದರೆ ಅರಿವಳಿಕೆ ಕೊಟ್ಟು ಮೂತ್ರದೊಂದಿಗೆ ಒತ್ತಿ ಹೊರಗೆ ಹಾಕಬಹುದು, ಇಲ್ಲವಾದರೆ ಶಸ್ತ್ರಚಿಕಿತ್ಸೆ. ಮನುಷ್ಯರಿಗೆ ಉರಿಮೂತ್ರಕ್ಕೆಂದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಿಟ್ರೇಟ್ ಸಿರಪ್ ಅನ್ನು ನಾಯಿಗೂ ಹಾಕುವ ರೂಢಿ ಈಗ ಹಬ್ಬಿದೆ. ಅದು ಮೂತ್ರವನ್ನು ಕ್ಷಾರಗೊಳಿಸುತ್ತದೆ, ಆದ್ದರಿಂದ ಸ್ಟ್ರೂವೈಟ್ ಇದ್ದರೆ ಕಲ್ಲಿಗೆ ಸಹಾಯ ಮಾಡಿದಂತಾಗುತ್ತದೆ. ಬಾಳೆದಿಂಡಿನ ರಸದಿಂದ ನಾಯಿಯ ಕಲ್ಲು ಕರಗಿದ್ದಕ್ಕೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಲ್ಲನ್ನು ಡಬ್ಬಿಯಲ್ಲಿ ನೆನಪಿಗೆಂದು ಇಟ್ಟುಕೊಳ್ಳದೆ ವಿಶ್ಲೇಷಣೆಗೆ ಕಳಿಸಲು ವೈದ್ಯರನ್ನು ಕೇಳಿ. ಮುಂದಿನ ಆಹಾರ ಏನೆಂದು ನಿರ್ಧಾರವಾಗುವುದು ಆ ವರದಿಯಿಂದಲೇ.

ಗಂಡು ನಾಯಿಯ ವಿಷಯದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಅದರ ಶಿಶ್ನದೊಳಗೆ ಒಂದು ಮೂಳೆಯಿದೆ. ಮೂತ್ರನಾಳ ಆ ಮೂಳೆಯ ತೋಡಿನಲ್ಲಿ ಹಾದುಹೋಗುವುದರಿಂದ ಅಲ್ಲಿ ಹಿಗ್ಗಲಾರದು, ಸಣ್ಣ ಕಲ್ಲು ಬಂದು ಮೂಳೆಯ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ನಾಯಿ ಪದೇ ಪದೇ ತಿಣುಕುತ್ತದೆ, ಏನೂ ಬರುವುದಿಲ್ಲ. ಅನೇಕರು ಇದನ್ನು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸುತ್ತಾರೆ. ಮೂತ್ರ ಪೂರ್ತಿ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲಿ ಹೃದಯ ನಿಲ್ಲಬಹುದು, ಮೂತ್ರಕೋಶವೂ ಒಡೆಯಬಹುದು. ಹನಿಯೂ ಬೀಳದ ನಾಯಿಯನ್ನು ರಾತ್ರಿಯಾಗಿದ್ದರೂ ಆಗಲೇ ಕರೆದೊಯ್ಯಿರಿ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ಕೊಡಬೇಡಿ, ಅವು ಮೊದಲೇ ಸೋತ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತವೆ.

ನೀವು ಕೇಳದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಕೆಂಪು ಮೂತ್ರವೆಲ್ಲ ಕಲ್ಲಿನ ಮೂತ್ರವಲ್ಲ. ನಮ್ಮ ಕಡೆ ಉಣ್ಣೆಯಿಂದ (ಮೈಗೆ ಅಂಟಿ ರಕ್ತ ಹೀರುವ ಉಣುಗಿನಿಂದ) ಬರುವ ಬಬೇಸಿಯಾ ರೋಗದಲ್ಲಿ ಕೆಂಪು ರಕ್ತಕಣಗಳು ರಕ್ತನಾಳದೊಳಗೇ ಒಡೆದು, ಬಣ್ಣ ಮೂತ್ರಕ್ಕೆ ಇಳಿದು ಕಪ್ಪು ಚಹಾದಂತೆ ಕಾಣಿಸುತ್ತದೆ. ಆ ನಾಯಿ ತಿಣುಕುವುದಿಲ್ಲ, ಧಾರೆಯಾಗಿಯೇ ಮೂತ್ರ ಮಾಡುತ್ತದೆ. ಆದರೆ ಜ್ವರವಿರುತ್ತದೆ, ಊಟ ಬಿಟ್ಟಿರುತ್ತದೆ, ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿರುತ್ತದೆ. ಪ್ರಯೋಗಾಲಯದಲ್ಲಿ ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾದರೆ ಅದು ಮೂತ್ರಮಾರ್ಗದಲ್ಲಿ ಬಂದ ರಕ್ತ. ತಿರುಗಿಸಿದ ಮೇಲೂ ಬಣ್ಣ ಹಾಗೆಯೇ ಉಳಿದರೆ ಉಣ್ಣೆ ಜ್ವರವನ್ನು ಶಂಕಿಸಿ ರಕ್ತದ ಸ್ಲೈಡ್ ನೋಡಬೇಕು. ಹೊರಗೆ ತಿರುಗುವ ನಾಯಿಗಳಲ್ಲಿ ಮೂತ್ರ ಮಾಡದಿರುವಾಗಲೂ ಜನನಾಂಗದಿಂದ ರಕ್ತ ಜಿನುಗುತ್ತಿದ್ದರೆ ಅದು ಕೂಡುವಿಕೆಯಿಂದ ಹರಡುವ ಗಡ್ಡೆಯಿರಬಹುದು. ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಅದು ಬಹುತೇಕ ಗುಣವಾಗುತ್ತದೆ. ಈ ಎರಡು ರೋಗಗಳ ನಾಯಿಗಳಿಗೂ ಕಲ್ಲಿನ ಔಷಧಿ ಕುಡಿಸುತ್ತ ದಿನ ಕಳೆದವರನ್ನು ಕಂಡು ನನಗೆ ಸಂಕಟವಾಗಿದೆ.

ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರವನ್ನು, ಧಾರೆಯ ನಡುಭಾಗದ್ದನ್ನು, ತೊಳೆದು ಒಣಗಿಸಿದ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆಯೊಳಗೆ ಒಯ್ಯಿರಿ. ಫ್ರಿಜ್ಜಿನಲ್ಲಿಟ್ಟ ಮೂತ್ರದಲ್ಲಿ ಮೊದಲಿಲ್ಲದ ಹರಳುಗಳು ಹುಟ್ಟುತ್ತವೆ, ಮತ್ತು ಆರೋಗ್ಯವಂತ ನಾಯಿಯ ಮೂತ್ರದಲ್ಲಿಯೂ ಒಂದಿಷ್ಟು ಹರಳು ಕಾಣುವುದುಂಟು. ವರದಿಯಲ್ಲಿ ಹರಳು ಎಂದು ಬರೆದ ಮಾತ್ರಕ್ಕೆ ಕಲ್ಲು ಇದೆ ಎಂದಾಗುವುದಿಲ್ಲ. ಕಲ್ಚರ್ ಮಾಡಿಸುವುದಿದ್ದರೆ ಬಾಟಲಿಯ ಮೂತ್ರ ನಡೆಯುವುದಿಲ್ಲ, ವೈದ್ಯರೇ ಹೊಟ್ಟೆಯ ಮೇಲಿಂದ ಸೂಜಿಯಲ್ಲಿ ತೆಗೆಯಬೇಕು. ಆದ್ದರಿಂದ ಆ ದಿನ ನಾಯಿಯನ್ನು ಮೂತ್ರ ಮಾಡಿಸದೆ ಕರೆತನ್ನಿ.